ಹೊಸದು ಮೊದಲು ನಷ್ಟದ ಹಾಗೇ ಕಾಣುತ್ತದೆ

ಹೊಸತನ ಅಂದ ಕೂಡಲೇ ನಮಗೆ ನೆನಪಾಗುವುದು ಪೇಟೆಂಟ್, ಲ್ಯಾಬು, ಥಳಥಳ ಹೊಳೆಯುವ ಯಂತ್ರ. ಸಣ್ಣ ಉದ್ದಿಮೆಗಳಲ್ಲಿ ಅದು ಬಹುಪಾಲು ಹಾಗಿರುವುದಿಲ್ಲ. ಅಲ್ಲಿ ಸಂಶೋಧನೆಗೆ ಅಂತ ಬೇರೆ ವಿಭಾಗ ಇರುವುದಿಲ್ಲ, ಅದಕ್ಕೆಂದು ಎತ್ತಿಟ್ಟ ದುಡ್ಡೂ ಇರುವುದಿಲ್ಲ. ಯಾರೋ ಒಬ್ಬರು ಕೆಲಸ ಮಾಡುವ ಕ್ರಮವನ್ನೇ ಬದಲಾಯಿಸಿರುತ್ತಾರೆ, ಅಷ್ಟೇ. ಹೊಸತನವನ್ನು ಅಳೆಯಲು ಎಷ್ಟೋ ದೇಶಗಳು ಬಳಸುವ ಓಸ್ಲೋ ಕೈಪಿಡಿ (ಮೊದಲು ಬಂದದ್ದು 1992ರಲ್ಲಿ, ನಾಲ್ಕನೇ ಆವೃತ್ತಿ 2018ರಲ್ಲಿ) ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಜಗತ್ತಿಗೇ ಹೊಸದಾಗಿರಬೇಕು ಅಂತೇನಿಲ್ಲ. ಆ ಸಂಸ್ಥೆ ಹಿಂದೆ ಮಾಡುತ್ತಿದ್ದುದಕ್ಕಿಂತ ಸಾಕಷ್ಟು ಬೇರೆಯಾಗಿದ್ದು, ನಿಜಕ್ಕೂ ಬಳಕೆಗೆ ಬಂದಿದ್ದರೆ ಸಾಕು.

ಇಂಥ ಬದಲಾವಣೆಯಿಂದ ಎಷ್ಟು ಲಾಭ? ಇದಕ್ಕೆ ಅಂದಾಜಿನ ಉತ್ತರ ಕೊಡುವವರು ತುಂಬಾ ಜನ. ಪ್ರಯೋಗ ಮಾಡಿ ನೋಡಿದವರು ಕಡಿಮೆ. ಅಂಥ ಅಪರೂಪದ ಪ್ರಯೋಗವೊಂದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಜೊತೆಗಾರರು ಮುಂಬೈ ಸುತ್ತಮುತ್ತಲಿನ 17 ನೇಯ್ಗೆ ಕಂಪನಿಗಳ 28 ಕಾರ್ಖಾನೆಗಳನ್ನು ಆರಿಸಿಕೊಂಡರು. ತೀರಾ ಚಿಕ್ಕವೇನಲ್ಲ, ಆದರೆ ಎಲ್ಲವೂ ಮನೆಯವರೇ ನಡೆಸುವ ಕಂಪನಿಗಳು. ಕೆಲವು ಕಾರ್ಖಾನೆಗಳಿಗೆ ಐದು ತಿಂಗಳು ಸಲಹೆಗಾರರನ್ನು ಕಳಿಸಿದರು, ಉಳಿದವನ್ನು ಹೋಲಿಸಿ ನೋಡಲು ಇಟ್ಟುಕೊಂಡರು.

ಸಲಹೆಗಾರರು ಹೊಸ ಮಗ್ಗ ತರಲಿಲ್ಲ. ಅವರು ಮಾಡಿಸಿದ್ದು ತೀರಾ ಸಾಮಾನ್ಯ ಕೆಲಸಗಳನ್ನು. ಬಟ್ಟೆಯಲ್ಲಿ ಯಾವ ದೋಷ ಬಂತು, ಯಾವ ಮಗ್ಗದಲ್ಲಿ ಬಂತು ಅಂತ ದಿನಾ ಬರೆದಿಡುವುದು. ಬರೆದದ್ದನ್ನು ಕೂತು ನೋಡುವುದು. ಮಗ್ಗ ಕೆಟ್ಟು ನಿಲ್ಲುವ ತನಕ ಕಾಯದೆ ಮೊದಲೇ ರಿಪೇರಿ ನೋಡಿಕೊಳ್ಳುವುದು. ಗೋದಾಮಿನಲ್ಲಿ ಯಾವ ನೂಲು ಎಷ್ಟಿದೆ, ಎಲ್ಲಿದೆ ಅಂತ ಚೀಟಿ ಅಂಟಿಸಿ ಲೆಕ್ಕ ಇಡುವುದು, ಬೇಡವಾದದ್ದನ್ನು ತೆಗೆಯುವುದು. ಇಷ್ಟರಿಂದಲೇ ಮೊದಲ ವರ್ಷದಲ್ಲಿ ಉತ್ಪಾದಕತೆ ಶೇ. 17ರಷ್ಟು ಹೆಚ್ಚಿತು. ದೋಷಗಳೂ ಕಡಿಮೆಯಾದವು, ಸುಮ್ನೆ ಬಿದ್ದಿದ್ದ ಸ್ಟಾಕೂ ಕರಗಿತು. ಒಂದೊಂದು ಕಾರ್ಖಾನೆಗೆ ವರ್ಷಕ್ಕೆ ಸುಮಾರು 3 ಲಕ್ಷ ಡಾಲರ್ ಲಾಭ ಹೆಚ್ಚಾಗಿರಬೇಕು ಅಂತ ಅವರ ಅಂದಾಜು.

ಇಷ್ಟು ಲಾಭ ಇದ್ದರೆ ಮಾಲೀಕರು ತಾವೇ ಯಾಕೆ ಮಾಡಿರಲಿಲ್ಲ? ಕೆಲವು ಪದ್ಧತಿಗಳ ಬಗ್ಗೆ ಅವರು ಕೇಳಿಯೇ ಇರಲಿಲ್ಲ. ಇನ್ನು ಕೆಲವು ಗೊತ್ತಿದ್ದವು, ಆದರೆ ತಮ್ಮ ಬಟ್ಟೆ ಅಕ್ಕಪಕ್ಕದವರಷ್ಟೇ ಚೆನ್ನಾಗಿದೆ, ಅಳೆದು ಬರೆಯುವ ಅಗತ್ಯವೇ ಇಲ್ಲ ಅಂದುಕೊಂಡಿದ್ದರು. ಇದರಲ್ಲಿ ಸೋಮಾರಿತನ ಹುಡುಕುವುದು ಅನ್ಯಾಯ. ನೋಡಿ, ಓಡುತ್ತಿರುವ ಮಗ್ಗವನ್ನು ಎಣ್ಣೆ ಹಾಕಲು ನಿಲ್ಲಿಸಿದರೆ ಇವತ್ತಿನ ಬಟ್ಟೆ ಕೆಲವು ಮೀಟರ್ ಕಡಿಮೆಯಾಗುತ್ತದೆ, ಅದು ಸಂಜೆಯೇ ಕಾಣುತ್ತದೆ. ಮುಂದಿನ ತಿಂಗಳು ಆ ಮಗ್ಗ ಕೆಡದೇ ಇದ್ದದ್ದು ಮಾತ್ರ ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಖರ್ಚು ತಕ್ಷಣ ಕಣ್ಣಿಗೆ ಹೊಡೆಯುತ್ತದೆ, ಲಾಭ ನಿಧಾನಕ್ಕೆ ಬರುತ್ತದೆ. ಸಂಬಳ, ಬಡ್ಡಿ, ಬಿಲ್ಲು ಎಲ್ಲವೂ ತಿಂಗಳ ಲೆಕ್ಕದಲ್ಲೇ ಬರುವ ಸಣ್ಣ ಉದ್ದಿಮೆಗೆ ಈ ನಡುವಿನ ಸಮಯ ದಾಟುವುದೇ ಕಷ್ಟ.

ವಿಶ್ವವಿದ್ಯಾಲಯಗಳಿಗೆ ತಿಂಗಳ ಬಿಲ್ಲಿನ ಕಾಟ ಇಲ್ಲವಲ್ಲ, ಅಲ್ಲಿ ಸ್ಥಿತಿ ಚೆನ್ನಾಗಿರಬೇಕು ಅಲ್ವಾ? ಕ್ಯಾಟಲಿನ್ ಕರಿಕೊ ಅವರ ಕಥೆ ನೋಡಿ. ಹಂಗೇರಿಯಿಂದ ಅಮೆರಿಕಕ್ಕೆ ಬಂದ ಈ ಜೀವರಸಾಯನ ವಿಜ್ಞಾನಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಎಂಆರ್‌ಎನ್‌ಎ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮ ಜೀವಕೋಶಗಳಿಗೆ ಯಾವ ಪ್ರೋಟೀನ್ ತಯಾರಿಸಬೇಕು ಅಂತ ಸೂಚನೆ ಒಯ್ಯುವ ಅಣು ಅದು. ಅದನ್ನೇ ಔಷಧಿಯಾಗಿ ಬಳಸಬಹುದು ಅನ್ನುವುದು ಅವರ ನಂಬಿಕೆ. ಆದರೆ ಸಂಶೋಧನಾ ಅನುದಾನ ಸಿಗಲಿಲ್ಲ. ಅಲ್ಲಿ ಅನುದಾನ ತರುವುದೇ ಸಾಧನೆಯ ಅಳತೆ. 1995ರಲ್ಲಿ ಅವರಿಗೆ ಹಿಂಬಡ್ತಿ ಕೊಟ್ಟರು.

ಅವರು ಬಿಡಲಿಲ್ಲ. ರೋಗನಿರೋಧಕ ಶಕ್ತಿಯ ಬಗ್ಗೆ ಕೆಲಸ ಮಾಡುವ ವಿಜ್ಞಾನಿ ಡ್ರೂ ವೈಸ್‌ಮನ್ ಜೊತೆ ಸೇರಿ ನಿಜವಾದ ತೊಡಕನ್ನು ಹಿಡಿದರು. ಲ್ಯಾಬಿನಲ್ಲಿ ಮಾಡಿದ ಎಂಆರ್‌ಎನ್‌ಎಯನ್ನು ದೇಹ ಪರಕೀಯ ಅಂತ ಗುರುತಿಸಿ ಉರಿಯೂತ ಎಬ್ಬಿಸುತ್ತಿತ್ತು. ಅದರೊಳಗಿನ ಯೂರಿಡಿನ್ ಅನ್ನುವ ಒಂದು ತುಣುಕಿನ ಬದಲು ಸ್ವಲ್ಪ ಬೇರೆ ರಚನೆಯ ಸ್ಯೂಡೋಯೂರಿಡಿನ್ ಹಾಕಿದರೆ ಆ ಗಲಾಟೆ ಹೆಚ್ಚೂಕಡಿಮೆ ನಿಂತೇಹೋಯಿತು. 2005ರಲ್ಲಿ ಇದು ಪ್ರಕಟವಾದಾಗ ಹೆಚ್ಚು ಜನ ತಿರುಗಿ ನೋಡಲಿಲ್ಲ. 2013ರಲ್ಲಿ ಕರಿಕೊ, ಆಗ ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ಬಯೋಎನ್‌ಟೆಕ್ ಅನ್ನುವ ಜರ್ಮನ್ ಕಂಪನಿ ಸೇರಿದರು. 2020ರ ಎಂಆರ್‌ಎನ್‌ಎ ಕೋವಿಡ್ ಲಸಿಕೆಗಳು ನಿಂತಿದ್ದು ಈ ಬದಲಾವಣೆಯ ಮೇಲೆ. 2023ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹಿಂಬಡ್ತಿಯಿಂದ ನೊಬೆಲ್‌ಗೆ 28 ವರ್ಷ. ಇಷ್ಟು ವರ್ಷ ತಡೆದುಕೊಳ್ಳಲಾಗದೆ ಹೊರಟುಹೋದವರು ಎಷ್ಟು ಜನರೋ, ಅವರ ಲೆಕ್ಕ ಇಡುವವರಿಲ್ಲ. ನನಗೆ ಹೊಟ್ಟೆಯುರಿಯುವುದು ಇಲ್ಲೇ.

ಇದು ಒಬ್ಬರ ಕಥೆ ಮಾತ್ರ ಅಲ್ಲ. 2011ರಲ್ಲಿ ಅರ್ಥಶಾಸ್ತ್ರಜ್ಞ ಪಿಯೆರ್ ಅಜೂಲೆ ಮತ್ತು ಜೊತೆಗಾರರು ಅಮೆರಿಕದ ಎರಡು ಬಗೆಯ ಅನುದಾನಗಳನ್ನು ಹೋಲಿಸಿದರು. ಒಂದು, ಅವಧಿ ಚಿಕ್ಕದು, ಏನು ಮಾಡುತ್ತೀರಿ ಅಂತ ಮೊದಲೇ ಬರೆದುಕೊಡಬೇಕಾದ ಸರ್ಕಾರಿ ಅನುದಾನ. ಇನ್ನೊಂದು, ಹೋವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯದು. ಇಲ್ಲಿ ಒಳ್ಳೆಯ ವಿಜ್ಞಾನಿಯನ್ನು ಆರಿಸಿ ಆಗ ಐದು ವರ್ಷ ಬಿಟ್ಟುಬಿಡುತ್ತಿದ್ದರು, ಆರಂಭದ ಸೋಲನ್ನು ಸಹಿಸುತ್ತಿದ್ದರು. ಸರಿಸಮಾನರನ್ನು ಹೋಲಿಸಿ ನೋಡಿದರೂ ಎರಡನೆಯ ಗುಂಪಿನಿಂದ ದೊಡ್ಡ ಪರಿಣಾಮದ ಪ್ರಬಂಧಗಳು ಜಾಸ್ತಿ ಬಂದವು. ಜೊತೆಗೆ ಪೂರ್ತಿ ನೆಲಕಚ್ಚಿದ ಪ್ರಬಂಧಗಳೂ ಜಾಸ್ತಿ ಬಂದವು! ಎರಡೂ ಜೊತೆಜೊತೆಗೇ ಬರುತ್ತವೆ. ಸೋಲೇ ಬೇಡ ಅನ್ನುವವರು ದೊಡ್ಡ ಗೆಲುವನ್ನೂ ಬಿಟ್ಟುಕೊಟ್ಟ ಹಾಗೆ.

2019ರಲ್ಲಿ ಬಂದ ಇನ್ನೊಂದು ಅಧ್ಯಯನ ಆರೂವರೆ ಕೋಟಿಗೂ ಹೆಚ್ಚು ಪ್ರಬಂಧ, ಪೇಟೆಂಟ್, ಸಾಫ್ಟ್‌ವೇರ್‌ಗಳನ್ನು ಜಾಲಾಡಿತು. ದೊಡ್ಡ ತಂಡಗಳು ಇರುವುದನ್ನೇ ಮುಂದಕ್ಕೆ ಬೆಳೆಸುತ್ತವೆ, ದಾರಿಯನ್ನೇ ಬದಲಿಸುವ ಕೆಲಸ ಸಣ್ಣ ತಂಡಗಳಿಂದ ಹೆಚ್ಚು ಬರುತ್ತದೆ, ಆದರೆ ಅದಕ್ಕೆ ಮನ್ನಣೆ ಸಿಗುವುದು ತಡವಾಗಿ, ಸಿಕ್ಕರೆ. ಮೂರು ವರ್ಷಕ್ಕೊಮ್ಮೆ ಎಷ್ಟು ಪ್ರಬಂಧ ಬಂತು ಅಂತ ಎಣಿಸುವ ಪದ್ಧತಿ ಇಂಥವರನ್ನೇ ಮೊದಲು ಹೊರಗೆ ಹಾಕುತ್ತದೆ.

ಇನ್ನು ಸಣ್ಣ ಉದ್ದಿಮೆ, ವಿಶ್ವವಿದ್ಯಾಲಯ ಇವೆರಡನ್ನೂ ಜೋಡಿಸುವ ಮಾತು. 1980ರಲ್ಲಿ ಅಮೆರಿಕ ಬೈ-ಡೋಲ್ ಕಾಯಿದೆ ತಂದು, ಸರ್ಕಾರದ ದುಡ್ಡಿನಿಂದ ಕಂಡುಹಿಡಿದದ್ದಕ್ಕೂ ವಿಶ್ವವಿದ್ಯಾಲಯಗಳು ಪೇಟೆಂಟ್ ಹೊಂದಲು ದಾರಿ ಮಾಡಿಕೊಟ್ಟಿತು. ಅದಾದ ಮೇಲೆ ಪೇಟೆಂಟ್ ಸಂಖ್ಯೆಯೂ ಸಾಧನೆಯ ಪಟ್ಟಿಗೆ ಸೇರಿಕೊಂಡಿತು. ಆದರೆ ಪೇಟೆಂಟ್ ಕೊಟ್ಟ ಮಾತ್ರಕ್ಕೆ ಸಣ್ಣ ಉದ್ದಿಮೆಗೆ ಅದು ದಕ್ಕುವುದಿಲ್ಲ. ಹೊರಗಿನ ಜ್ಞಾನವನ್ನು ಗುರುತಿಸಿ ಬಳಸಿಕೊಳ್ಳಲು ಒಳಗೆ ಅದಕ್ಕೆ ಹೊಂದುವ ತಿಳಿವಳಿಕೆ ಮೊದಲೇ ಇರಬೇಕು ಅಂತ ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂತಾಲ್ 1990ರಲ್ಲೇ ವಾದಿಸಿದ್ದರು. ಹಾಗಾಗಿ ಹತ್ತು ಜನರ ವರ್ಕ್‌ಶಾಪಿಗೆ ದಪ್ಪ ವರದಿಗಿಂತ ಲ್ಯಾಬಿನಲ್ಲಿ ಕೈಯಾರೆ ಕೆಲಸ ಮಾಡಿದ ಒಬ್ಬ ವಿದ್ಯಾರ್ಥಿ ಹೆಚ್ಚು ಉಪಯೋಗಕ್ಕೆ ಬರುತ್ತಾನೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆ ನೇಯ್ಗೆ ಕಾರ್ಖಾನೆಗಳಿಗೆ ಸಂಶೋಧಕರು ಪ್ರಯೋಗ ಶುರುವಾದ ಒಂಬತ್ತು ವರ್ಷಗಳ ನಂತರ ಮತ್ತೆ ಹೋದರು. ಕಲಿಸಿದ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಹಾಗಿದ್ದರೂ ಹೋಲಿಕೆಗೆ ಇಟ್ಟುಕೊಂಡಿದ್ದ ಕಾರ್ಖಾನೆಗಳಿಗಿಂತ ಇವು ಸ್ಪಷ್ಟವಾಗಿ ಮುಂದಿದ್ದವು. ಬಿಟ್ಟಿದ್ದಕ್ಕೆ ಹೆಚ್ಚಾಗಿ ಸಿಕ್ಕ ಕಾರಣಗಳು ಎರಡು: ಮ್ಯಾನೇಜರ್ ಬದಲಾದರು, ಮಾಲೀಕರಿಗೆ ಪುರುಸೊತ್ತಿರಲಿಲ್ಲ. ಅದೇ ಕಂಪನಿಯ ಬೇರೆ ಕಾರ್ಖಾನೆಗಳಿಗೆ ಎಷ್ಟೋ ಪದ್ಧತಿಗಳು ಹರಡಿದ್ದವು. ಬೇರೆ ಕಂಪನಿಗಳಿಗೆ ದಾಟಿದ್ದು ಮಾತ್ರ ತೀರಾ ಕಡಿಮೆ. ಜ್ಞಾನ ತಾನಾಗಿಯೇ ಗೋಡೆ ದಾಟುವುದಿಲ್ಲ, ಯಾರಾದರೂ ಹೊತ್ತುಕೊಂಡು ಹೋಗಬೇಕು. ಒಬ್ಬ ವಿದ್ಯಾರ್ಥಿ ಸಣ್ಣ ಕಾರ್ಖಾನೆಯಲ್ಲಿ ನಾಲ್ಕು ತಿಂಗಳು ಕೂತು ದೋಷಗಳ ಪುಸ್ತಕ ಶುರುಮಾಡಿಸಿ ಬಂದರೆ ಅದನ್ನೂ ವಿಶ್ವವಿದ್ಯಾಲಯದ ಸಾಧನೆ ಅಂತ ಬರೆದುಕೊಳ್ಳಲು ಪಟ್ಟಿಯಲ್ಲಿ ಒಂದು ಕಾಲಂ ಬೇಕು.