ಗುಂಜಿಯಿಂದ ಮೈಕ್ರೋಗ್ರಾಂವರೆಗೆ: ಸಣ್ಣ ತೂಕದ ಲೆಕ್ಕ ತಪ್ಪುವುದೆಲ್ಲಿ?

ಹುಬ್ಬಳ್ಳಿಯ ದುರ್ಗದಬೈಲಿನ ಸುತ್ತಿನ ಬಂಗಾರದ ಅಂಗಡಿಗಳಲ್ಲಿ ಈಗ ತೂಕವಾಗುವುದು ಗಾಜಿನ ಗೂಡಿನೊಳಗಿನ ವಿದ್ಯುನ್ಮಾನ ತಕ್ಕಡಿಯಲ್ಲಿ. ಅದರ ಪರದೆಯ ಮೇಲೆ 4.050 ಎಂದು ಮೂಡಿದರೆ ಒಬ್ಬರು ಅದನ್ನು ‘ನಾಲ್ಕು ಗ್ರಾಂ ಐದು ಮಿಲಿ’ ಎಂದು ಓದುತ್ತಾರೆ, ಇನ್ನೊಬ್ಬರು ‘ನಾಲ್ಕೂವರೆ ಗ್ರಾಂ’ ಎನ್ನುತ್ತಾರೆ. ಎರಡೂ ತಪ್ಪು, ಅದು 4 ಗ್ರಾಂ 50 ಮಿಲಿಗ್ರಾಂ. ಲೆಕ್ಕದ ಅನುಕೂಲಕ್ಕಾಗಿ ಗ್ರಾಂಗೆ 10,000 ರೂಪಾಯಿ ದರ ಹಿಡಿದರೆ 5 ಮಿಲಿಗ್ರಾಂಗೆ 50 ರೂಪಾಯಿ, 50 ಮಿಲಿಗ್ರಾಂಗೆ 500 ರೂಪಾಯಿ, ಅರ್ಧ ಗ್ರಾಂಗೆ 5,000 ರೂಪಾಯಿ ಆಗುತ್ತದೆ. ಓದು ಬರುವವರೂ, ವ್ಯಾಪಾರ ಬಲ್ಲವರೂ ಈ ಜಾಗದಲ್ಲಿ ಎಡವುತ್ತಾರೆಂದರೆ ಅದಕ್ಕೆ ಅವರ ಅಜಾಗರೂಕತೆಯನ್ನಷ್ಟೇ ದೂರುವುದು ಸರಿಯಲ್ಲ. ಮೆಟ್ರಿಕ್ ಪದ್ಧತಿ ನಮ್ಮ ಪೇಟೆಗಳಿಗೆ ಬಂದ ರೀತಿಯಲ್ಲಿಯೇ ಈ ಗೊಂದಲದ ಬೇರು ಇದೆ.

ಹಳೆಯ ಪದ್ಧತಿಯಲ್ಲಿ ದಶಮಾಂಶದ ಚುಕ್ಕೆಯೇ ಇರಲಿಲ್ಲ. ಎಂಟು ಗುಂಜಿಗೆ ಒಂದು ಮಾಷ, ಹನ್ನೆರಡು ಮಾಷಕ್ಕೆ ಒಂದು ತೊಲೆ ಎಂಬುದು ಪತ್ತಾರರ ಲೆಕ್ಕವಾಗಿತ್ತು. ಬ್ರಿಟಿಷರ ಆಳ್ವಿಕೆಯಲ್ಲಿ ತೊಲೆಯನ್ನು 180 ಗ್ರೇನ್ ಎಂದು ಗೊತ್ತುಪಡಿಸಲಾಯಿತು. ಬೆಳ್ಳಿಯ ರೂಪಾಯಿ ನಾಣ್ಯವೂ ಅದೇ ತೂಕದ್ದಾಗಿದ್ದರಿಂದ ತಕ್ಕಡಿಯ ಒಂದು ತಟ್ಟೆಯಲ್ಲಿ ರೂಪಾಯಿ ಇಟ್ಟರೆ ಅದೇ ಒಂದು ತೊಲೆಯ ಕಲ್ಲು. 1939ರ ಕಾಯ್ದೆ ತೊಲೆ, ಸೇರು, ಮಣಗಳ ಈ ಮಾನವನ್ನು ದೇಶಕ್ಕೆ ಪ್ರಮಾಣವೆಂದು ಬರೆಯಿತು. ಇಂದಿನ ಲೆಕ್ಕದಲ್ಲಿ ತೊಲೆ ಎಂದರೆ 11.6638 ಗ್ರಾಂ, ಮಾಷ ಸುಮಾರು 972 ಮಿಲಿಗ್ರಾಂ, ಗುಂಜಿ ಸುಮಾರು 121.5 ಮಿಲಿಗ್ರಾಂ. ಗುಲಗಂಜಿ ಬೀಜವೇ ಒಂದರಂತೆ ಒಂದು ಇರುವುದಿಲ್ಲವಾದ್ದರಿಂದ ಕೊನೆಯ ಅಂಕಿ ಕಾಗದದ ಮೇಲಿನದೆಂದೇ ತಿಳಿಯಬೇಕು. ಕಿರಾಣಿ ಅಂಗಡಿಯಲ್ಲಿ 80 ತೊಲೆಯ ಸೇರು, ಅದರ ಅರ್ಧ, ಅರ್ಧದ ಅರ್ಧ ಪಾವು, ಹೀಗೆ ಒಡೆಯುತ್ತ ಹೋಗಿ ಐದು ತೊಲೆಯ ಛಟಾಕಿಗೆ ನಿಲ್ಲುತ್ತಿತ್ತು. ಅರ್ಧ ಮಾಡುವುದಕ್ಕೆ ಕಾಗದ ಬೇಕಿಲ್ಲ, ಸೊನ್ನೆಯಂತೂ ಬೇಕೇ ಇಲ್ಲ.

ಬದಲಾವಣೆ ಬಂದದ್ದು ಕೆಲವೇ ವರ್ಷಗಳಲ್ಲಿ, ಒಂದರ ಹಿಂದೆ ಒಂದು. ಅಂದಿನ ಧಾರವಾಡ ಜಿಲ್ಲೆ, ಎಂದರೆ 1997ರಲ್ಲಿ ಬೇರೆಯಾದ ಗದಗ ಮತ್ತು ಹಾವೇರಿಗಳೂ ಸೇರಿದ್ದ ಪ್ರದೇಶ, 1956ರ ನವೆಂಬರ್ 1ರಂದು ಮುಂಬಯಿ ರಾಜ್ಯವನ್ನು ಬಿಟ್ಟು ವಿಶಾಲ ಮೈಸೂರು ರಾಜ್ಯಕ್ಕೆ ಬಂದಿತು. ಅದೇ ವರ್ಷದ ಕೊನೆಗೆ ತೂಕ ಮತ್ತು ಅಳತೆಗಳ ಪ್ರಮಾಣೀಕರಣ ಕಾಯ್ದೆ ಆಯಿತು. 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ನಯೇ ಪೈಸೆಯಾಯಿತು. 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ ಮೆಟ್ರಿಕ್ ತೂಕಗಳು ಬಳಕೆಗೆ ಬಂದು, 1962ರ ಏಪ್ರಿಲ್ ಹೊತ್ತಿಗೆ ದೇಶದಾದ್ಯಂತ ಕಡ್ಡಾಯವಾದವು. ಆರು ವರ್ಷದೊಳಗೆ ರಾಜ್ಯ, ರೊಕ್ಕ, ತೂಕ ಮೂರೂ ಬದಲಾದ ಇಲ್ಲಿನ ವ್ಯಾಪಾರಸ್ಥರು ಹೊಸದನ್ನು ಹಳೆಯದರ ಮೇಲೆಯೇ ಕೂಡಿಸಿಕೊಂಡದ್ದು ಸಹಜವಾಗಿತ್ತು: 233 ಗ್ರಾಮಿನ ಪಾವು ಸೇರು 250 ಗ್ರಾಮಿನ ಪಾವು ಕಿಲೋ ಆಯಿತು, ಬಂಗಾರದ ತೊಲೆ ಮಾತಿನಲ್ಲಿ ಹತ್ತು ಗ್ರಾಂಗೆ ಇಳಿಯಿತು. ಹಿರಿಯರ ಕಾಲದ ಚೀಟಿಯಲ್ಲಿ ‘ಐದು ತೊಲೆ’ ಎಂದು ಇದ್ದರೆ ಅದು 50 ಗ್ರಾಂ ಅಲ್ಲ, 58.3 ಗ್ರಾಂ ಇರಬಹುದು ಎಂಬುದನ್ನು ಆಸ್ತಿ ಹಂಚಿಕೊಳ್ಳುವ ಅಣ್ಣತಮ್ಮಂದಿರು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆದರೆ ರೊಕ್ಕದ ದಶಮಾಂಶ ಮೊದಲು ಬಂದದ್ದರಿಂದ ಒಂದು ರೂಢಿ ಕೈಗೆ ಹತ್ತಿತು. ರೂಪಾಯಿಯಲ್ಲಿ ಚುಕ್ಕೆಯ ಬಲಕ್ಕೆ ಎರಡೇ ಅಂಕಿ. ಗ್ರಾಮಿನಲ್ಲಿ ಮಿಲಿಗ್ರಾಂ ತಿಳಿಯಬೇಕಾದರೆ ಮೂರು ಅಂಕಿ ಬೇಕು. 1795ರಲ್ಲಿ ಫ್ರಾನ್ಸಿನಲ್ಲಿ ಒಂದು ಘನ ಸೆಂಟಿಮೀಟರ್ ನೀರಿನ ತೂಕವನ್ನು ಗ್ರಾಂ ಎಂದು ಕರೆದಾಗ ಕೆಳಗಿನ ಮೆಟ್ಟಿಲುಗಳನ್ನೆಲ್ಲ ಹತ್ತರಂತೆ ಕಟ್ಟಿದ್ದರು: ಡೆಸಿಗ್ರಾಂ, ಸೆಂಟಿಗ್ರಾಂ, ಮಿಲಿಗ್ರಾಂ. ಶಾಲೆಯಲ್ಲಿ ಈ ಸಾಲನ್ನು ಬಾಯಿಪಾಠ ಮಾಡಿಸುತ್ತಾರೆ. ಆದರೆ ಡೆಸಿಗ್ರಾಂ ಲೆಕ್ಕದಲ್ಲಿ ಮಾರುವ ಅಂಗಡಿ ಹುಬ್ಬಳ್ಳಿಯಲ್ಲಿಯೂ ಇಲ್ಲ, ಗದಗಿನಲ್ಲಿಯೂ ಇಲ್ಲ. ಪೇಟೆಯಲ್ಲಿ ಉಳಿದದ್ದು ಸಾವಿರದ ಜಿಗಿತಗಳು ಮಾತ್ರ: ಕಿಲೋದಿಂದ ಗ್ರಾಂ, ಗ್ರಾಮಿನಿಂದ ಮಿಲಿಗ್ರಾಂ, ಅಲ್ಲಿಂದ ಮೈಕ್ರೋಗ್ರಾಂ. ನಡುವಿನ ಮೆಟ್ಟಿಲುಗಳು ಬಳಕೆಯಿಂದ ಬಿದ್ದುಹೋದದ್ದರಿಂದಲೇ ಹತ್ತುಪಟ್ಟು, ನೂರುಪಟ್ಟು ತಪ್ಪುಗಳಾಗುತ್ತವೆ. ಚುಕ್ಕೆಯ ಬಲಕ್ಕೆ ಮೂರು ಅಂಕಿ ತುಂಬುವವರೆಗೆ ಸೊನ್ನೆ ಬರೆದುಕೊಂಡರೆ (4.05 ಎಂಬುದನ್ನು 4.050, 4.5 ಎಂಬುದನ್ನು 4.500) ಬಲಗಡೆಯ ಮೂರಂಕಿಯ ಸಂಖ್ಯೆಯೇ ಮಿಲಿಗ್ರಾಂ ಆಗುತ್ತದೆ, ಬೇರೆ ಸೂತ್ರ ಬೇಕಿಲ್ಲ.

ಪ್ರಯೋಗಾಲಯದವರಿಗೆ ಈ ತೊಂದರೆ ಇಷ್ಟಿರಲಿಲ್ಲ, ಏಕೆಂದರೆ ಅವರು ಮಿಲಿಗ್ರಾಮನ್ನು ಕಣ್ಣಿಂದ ಕಂಡಿರುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ತೆಳುತಗಡಿನ ಸಣ್ಣ ತೂಕಗಳಲ್ಲಿ 1, 10, 100 ಮಿಲಿಗ್ರಾಮಿನವು ತ್ರಿಕೋನ, 2, 20, 200ರವು ಚೌಕ, 5, 50, 500ರವು ಪಂಚಕೋನ. ಬೆರಳಿನ ಬೆವರೂ ತೂಕ ಕೆಡಿಸುತ್ತದೆಂದು ಅವನ್ನು ಚಿಮಟದಿಂದಲೇ ಎತ್ತಬೇಕು.

ಔಷಧದ ಅಂಗಡಿಯಲ್ಲಿ ಹಳೆಯ ಮಾನ ಇನ್ನೂ ಅಡಗಿ ಕುಳಿತಿದೆ. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ 500ರ ಜೊತೆಗೆ 650 ಮಿಲಿಗ್ರಾಮಿನದೂ ಏಕಿದೆ ಎಂದು ಕೇಳಿದರೆ ಉತ್ತರ ತೊಲೆಯನ್ನು ಅಳೆದ ಅದೇ ಗ್ರೇನಿನಲ್ಲಿ ಸಿಗುತ್ತದೆ: ಒಂದು ಗ್ರೇನ್ 64.8 ಮಿಲಿಗ್ರಾಂ, ಹತ್ತು ಗ್ರೇನ್ 648. ಹೆಚ್ಚು ಎಚ್ಚರ ಬೇಕಾದದ್ದು ಮೈಕ್ರೋಗ್ರಾಮಿನಲ್ಲಿ. ಗರ್ಭಿಣಿಯರಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ ಗುಳಿಗೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತವೆ. ಅಂಕಿ ನೋಡಿದವರಿಗೆ 500 ದೊಡ್ಡದು. ತೂಕದಲ್ಲಿ ಕಬ್ಬಿಣವೇ 120 ಪಟ್ಟು ಹೆಚ್ಚು. ಥೈರಾಯ್ಡ್ ಗುಳಿಗೆಗಳು 25, 50, 100 ಮೈಕ್ರೋಗ್ರಾಮಿನವು. ಮೈಕ್ರೋವನ್ನು ಸೂಚಿಸುವ ಗ್ರೀಕ್ ಅಕ್ಷರ ‘ಮ್ಯೂ’ ಕೈಬರಹದಲ್ಲಿ ‘ಎಂ’ ಆಗಿ ಕಂಡರೆ ಪ್ರಮಾಣ ಸಾವಿರಪಟ್ಟಾಗುತ್ತದೆಂಬ ಕಾರಣಕ್ಕೆ ‘ಎಂಸಿಜಿ’ ಎಂದು ಬರೆಯುವ ರೂಢಿ ಬಂದಿದೆ. ವಿಟಮಿನ್ ಡಿ ಪುಡಿಯ ಪೊಟ್ಟಣದ ಮೇಲಿನ 60,000 ಎಂಬುದಂತೂ ತೂಕವೇ ಅಲ್ಲ, ಅದು ಪರಿಣಾಮವನ್ನು ಅಳೆಯುವ ಬೇರೊಂದು ಮಾನ. ಅದರಲ್ಲಿರುವ ವಿಟಮಿನ್ 1.5 ಮಿಲಿಗ್ರಾಂ ಮಾತ್ರ.

ಈ ಭಾಗದ ಹತ್ತಿಯಲ್ಲಿ ಹಳೆಯದು ಹೊಸದು ಎರಡೂ ಒಂದೇ ಮಾಲಿನ ಮೇಲೆ ಕೂತಿವೆ. ಅರಳೆಯ ದರವನ್ನು ಇಂದಿಗೂ ಖಂಡಿಯ ಮೇಲೆ ಹೇಳುತ್ತಾರೆ. ಖಂಡಿ ಎಂದರೆ 784 ಪೌಂಡ್, ಸುಮಾರು 355.6 ಕಿಲೋ. ಅದೇ ಅರಳೆಯ ನವುರನ್ನು ತಿಳಿಸುವ ‘ಮೈಕ್ರೋನೇರ್’ ಒಂದು ಇಂಚು ಎಳೆಯ ತೂಕವನ್ನು ಮೈಕ್ರೋಗ್ರಾಮಿನಲ್ಲಿ ಹೇಳುವ ಅಂಕಿ, ಸಾಮಾನ್ಯವಾಗಿ 3.5ರಿಂದ 4.9. ಎಳೆಯನ್ನು ಯಾರೂ ತೂಗುವುದಿಲ್ಲ. ಅರಳೆಯ ಮೂಲಕ ಗಾಳಿ ಹಾಯಿಸಿ ಅಂದಾಜು ಕಟ್ಟುತ್ತಾರೆ. ಮೈಕ್ರೋನೇರ್ 4 ಇರುವ ಒಂದು ಖಂಡಿಯ ಎಳೆಗಳನ್ನು ಸಾಲಾಗಿ ಜೋಡಿಸಿದರೆ ಎಷ್ಟು ಉದ್ದವಾದೀತು ಎಂದು ಲೆಕ್ಕ ಹಾಕಲು ಕಿಲೋವನ್ನು ಮೂರು ಸಲ ಸಾವಿರದಿಂದ ಗುಣಿಸಿ, ನಾಲ್ಕರಿಂದ ಭಾಗಿಸಿ, ಬಂದ ಇಂಚುಗಳನ್ನು ಕಿಲೋಮೀಟರಿಗೆ ತರಬೇಕು: ಉತ್ತರ ಸುಮಾರು 22.6 ಲಕ್ಷ ಕಿಲೋಮೀಟರ್. ಮೂರರ ಬದಲು ಎರಡೇ ಸಲ ಗುಣಿಸಿದವರಿಗೆ ಸಿಗುವುದು 2,260 ಕಿಲೋಮೀಟರ್.