ಯಾವ ಟೇಪಿನಿಂದ ಬಂತು? ಹಳೆ ಜಾಝ್ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ

ಹಳೆ ರೆಕಾರ್ಡು, ಟೇಪುಗಳ ಧ್ವನಿಯನ್ನು ಡಿಜಿಟಲ್‌ಗೆ ಇಳಿಸಿಕೊಡುವುದು ನನ್ನ ಕೆಲಸ. ಬರುವುದರಲ್ಲಿ ಹೆಚ್ಚಿನವು ನಮ್ಮದೇ ಸಂಗೀತದವು. ಜಾಝ್ ಕೇಳುವವರೂ ಆಗಾಗ ಬರುತ್ತಾರೆ. ಅವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಸರ್, ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಂ ಇಷ್ಟೊಂದು ಥರ ಸಿಗುತ್ತಲ್ಲ, ಯಾವುದು ತಗೊಳ್ಳಲಿ?"

ನಾನು ತಿರುಗಿ ಕೇಳುವುದೂ ಒಂದೇ. ಅದನ್ನು ಯಾವ ಟೇಪಿನಿಂದ ಮಾಡಿದ್ದಾರೆ? ಯಾವ ವೇಗದಲ್ಲಿ ಓಡಿಸಿದ್ದಾರೆ? 180 ಗ್ರಾಂ ತೂಕದ ರೆಕಾರ್ಡು, ದಪ್ಪ ಹೊದಿಕೆ, ಮೇಲೆ ಹೊಳೆಯುವ ‘ರೀಮಾಸ್ಟರ್ಡ್’ ಸ್ಟಿಕ್ಕರ್, ಇವೆಲ್ಲ ಆಮೇಲಿನ ಮಾತು.

‘ಕೈಂಡ್ ಆಫ್ ಬ್ಲೂ’ವನ್ನೇ ತೆಗೆದುಕೊಳ್ಳಿ. ಅಮೆರಿಕದ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಇದನ್ನು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ನ್ಯೂಯಾರ್ಕಿನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರು. ಹಿಂದೆ ಚರ್ಚ್ ಆಗಿದ್ದ ಕಟ್ಟಡ ಅದು. ಮೊದಲ ದಿನ ಮೂರು ಟ್ರ್ಯಾಕ್ ಆದವು: ‘ಸೋ ವಾಟ್’, ‘ಫ್ರೆಡ್ಡಿ ಫ್ರೀಲೋಡರ್’, ‘ಬ್ಲೂ ಇನ್ ಗ್ರೀನ್’. ಆ ದಿನ ಮುಖ್ಯ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು. ಯಾರ ಗಮನಕ್ಕೂ ಬರಲಿಲ್ಲ. ನಿಧಾನವಾಗಿ ಓಡಿದ ಟೇಪನ್ನು ಸರಿಯಾದ ವೇಗದ ಯಂತ್ರಕ್ಕೆ ಹಾಕಿದರೆ ಏನಾಗುತ್ತದೆ? ನಡೆ ಚುರುಕಾಗುತ್ತದೆ, ಶ್ರುತಿ ಮೇಲೇರುತ್ತದೆ. ಎಲ್‌ಪಿ ರೆಕಾರ್ಡಿನ ಮೊದಲ ಬದಿಗೆ ಪೂರ್ತಿ ಹೀಗೇ ಆಯಿತು. ಅರ್ಧ ಸ್ವರದಷ್ಟಲ್ಲ, ಅದಕ್ಕಿಂತ ಕಡಿಮೆ. ಹಾರ್ಮೋನಿಯಂನ ಎರಡು ಮನೆಗಳ ನಡುವೆ ಎಲ್ಲೋ ಕೂತುಬಿಟ್ಟಿತು. ಏಪ್ರಿಲ್‌ನಲ್ಲಿ ಆದ ಎರಡನೇ ಬದಿಗೆ ಈ ತೊಂದರೆ ಇಲ್ಲ.

ರೆಕಾರ್ಡಿನ ಜೊತೆ ನುಡಿಸಿ ಕಲಿಯಲು ಹೊರಟವರೆಲ್ಲ ತಮ್ಮ ವಾದ್ಯದ ಶ್ರುತಿಯನ್ನೇ ಅನುಮಾನಿಸಬೇಕಾಯಿತು, ಪಾಪ. ಅದೃಷ್ಟ ಅಂದರೆ, ಆ ದಿನ ಮುಖ್ಯ ಯಂತ್ರದ ಜೊತೆ ಇನ್ನೊಂದು ಯಂತ್ರದಲ್ಲೂ ಟೇಪ್ ಓಡುತ್ತಿತ್ತು, ಇರಲಿ ಅಂತ. ಅದರ ವೇಗ ಸರಿಯಾಗಿತ್ತು. 1992ರಲ್ಲಿ ಕೊಲಂಬಿಯಾದವರು ಚಿನ್ನದ ಲೇಪದ ಸಿಡಿಗೆಂದು ಆ ಎರಡನೇ ಟೇಪನ್ನು ಹೊರತೆಗೆದರು. ಮೊದಲ ಬದಿ ಸರಿಯಾದ ಶ್ರುತಿಯಲ್ಲಿ ಕೇಳಿದ್ದು ಆಗಲೇ, ಅಂದರೆ 33 ವರ್ಷಗಳ ನಂತರ. 1997ರಲ್ಲಿ ಬಂದ ಸಾಮಾನ್ಯ ಬೆಲೆಯ ಸಿಡಿಯಲ್ಲೂ ಇದೇ ತಿದ್ದುಪಡಿ ಇದೆ.

ಈಗ ತಮಾಷೆ ನೋಡಿ. ಸಂಗ್ರಹಕಾರರು ಹುಡುಕುವುದು 1959ರ ಮೊದಲ ಪ್ರೆಸ್ಸಿಂಗ್, ಅಂದರೆ ಮೊದಲ ಸಲ ಅಚ್ಚಾದ ಪ್ರತಿ. ಲೇಬಲ್ ಮೇಲೆ ಕಣ್ಣಿನ ಆಕಾರದ ಆರು ಗುರುತುಗಳು ಇರಬೇಕು. ಹೊದಿಕೆಯಲ್ಲಿ ಸ್ಯಾಕ್ಸಫೋನ್ ವಾದಕ ಕ್ಯಾನನ್‌ಬಾಲ್ ಆಡರ್ಲಿ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿದ್ದರೆ ಇನ್ನೂ ಖುಷಿ. ಎರಡನೇ ಬದಿಯ ಲೇಬಲ್‌ನಲ್ಲಿ ಎರಡು ಟ್ರ್ಯಾಕ್‌ಗಳ ಹೆಸರು ಅದಲು ಬದಲಾಗಿದ್ದರೆ ಬೆಲೆ ಜಾಸ್ತಿ. ಅಚ್ಚಿನ ತಪ್ಪಿಗೆ ದುಡ್ಡು ಕೊಡುತ್ತಾರೆ, ಶ್ರುತಿಯ ತಪ್ಪು ಅದರ ಜೊತೆಗೆ ಪುಕ್ಕಟೆ. ಹಾಗಂತ ಆ ರೆಕಾರ್ಡ್ ಬೇಡ ಅನ್ನುತ್ತಿಲ್ಲ. ಟೇಪು ಹೊಸದಾಗಿದ್ದಾಗಲೇ ಅದರ ಧ್ವನಿಯನ್ನು ಗೀರಾಗಿ ಕೊರೆದ ಡಿಸ್ಕಿಗೆ ಒಂದು ತಾಜಾತನ ಇರುತ್ತದೆ. ಏನು ಕೊಳ್ಳುತ್ತಿದ್ದೇವೆ ಅಂತ ತಿಳಿದು ಕೊಂಡರೆ ಸಾಕು.

ನಿಮ್ಮ ಹತ್ತಿರ ಇರುವುದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಮೊಬೈಲಿನ ಶ್ರುತಿ ಪೆಟ್ಟಿಗೆ ಆ್ಯಪ್‌ನಲ್ಲಿ ಎರಡನೇ ಮನೆ, ಅಂದರೆ ಡಿ ಹಾಕಿ. ಜೊತೆಗೆ ‘ಸೋ ವಾಟ್’ ಹಚ್ಚಿ. ತಿದ್ದಿದ ಪ್ರತಿಯಾದರೆ ಕೂಡಿಕೊಂಡು ಹೋಗುತ್ತದೆ. ತಿದ್ದದೇ ಇರುವುದು ಕಿವಿಗೆ ಚುಚ್ಚುತ್ತದೆ. ಎಲ್‌ಪಿ ಆದರೆ ನಿಮ್ಮ ಟರ್ನ್‌ಟೇಬಲ್ ವೇಗ ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇಲ್ಲದಿದ್ದರೆ ಮೈಲ್ಸ್‌ಗೆ ಸುಮ್ನೆ ಬೈಗುಳ.

ಎರಡು ಪ್ರತಿ ಹೋಲಿಸುವಾಗ ಕೆಲಸ ಕೆಡಿಸುವುದು ವಾಲ್ಯೂಮ್. ಒಂದು ಡೆಸಿಬೆಲ್‌ನಷ್ಟು ಜೋರಿದ್ದರೂ ಸಾಕು, ನಮ್ಮ ಕಿವಿ ಅದನ್ನು ಜೋರು ಅನ್ನುವುದಿಲ್ಲ, ಚೆನ್ನಾಗಿದೆ ಅನ್ನುತ್ತದೆ. 1990ರ ದಶಕದ ನಡುವಿನಿಂದ ಸಿಡಿಗಳನ್ನು ಜೋರು ಮಾಡುವ ಪೈಪೋಟಿ ಶುರುವಾಯಿತು, ಜಾಝ್ ಕೂಡ ಅದಕ್ಕೆ ಸಿಕ್ಕಿತು. ಆದ್ದರಿಂದ ಮೊದಲು ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಇಡೀ ಆಲ್ಬಂ ಕೇಳುತ್ತಾ ಕೂರಬೇಡಿ, ಒಂದು ಚಿಕ್ಕ ತುಣುಕು ಹಿಡಿಯಿರಿ. ‘ಸೋ ವಾಟ್’ನಲ್ಲಿ ಮೈಲ್ಸ್ ಸೋಲೋ, ಅಂದರೆ ಅವರೊಬ್ಬರೇ ಮುಂದಾಗಿ ನುಡಿಸುವ ಭಾಗ, ಶುರುವಾಗುವ ಕ್ಷಣಕ್ಕೆ ಡ್ರಮ್ಸ್‌ನ ಜಿಮ್ಮಿ ಕಾಬ್ ಸಿಂಬಲ್‌ಗೆ ಒಂದು ಏಟು ಕೊಡುತ್ತಾರಲ್ಲ, ನಾನು ಬಳಸುವುದು ಅದನ್ನು. ಆ ನಾದ ಎಷ್ಟು ಹೊತ್ತು ಉಳಿಯುತ್ತದೆ, ಹೇಗೆ ಕರಗುತ್ತದೆ ಅಂತ ಕೇಳಿ. ಮಧ್ಯದಲ್ಲೇ ಕತ್ತರಿಸಿದಂತಿದ್ದರೆ ಯಾರೋ ಟೇಪಿನ ಸರಸರ ಶಬ್ದ ಒರೆಸಲು ಹೋಗಿ ಸಿಂಬಲ್‌ನ ಬಾಲವನ್ನೂ ಒರೆಸಿದ್ದಾರೆ. ಶುರುವಿನಲ್ಲಿ, ಪಾಲ್ ಚೇಂಬರ್ಸ್ ಅವರ ಬೇಸ್ ಮತ್ತು ಬಿಲ್ ಎವಾನ್ಸ್ ಅವರ ಪಿಯಾನೋ ಮೆಲ್ಲಗೆ ಮಾತಾಡುವಾಗ, ಹಿಂದೆ ಒಂಚೂರು ಸರಸರ ಇರಲೇಬೇಕು. 1959ರ ಟೇಪು ಸ್ವಾಮಿ, ಇಲ್ಲದಿದ್ದರೆ ನನಗೆ ಅನುಮಾನ.

ಅಮೆರಿಕದ ಜಾಝ್ ಕಂಪನಿ ಬ್ಲೂ ನೋಟ್‌ನ ರೆಕಾರ್ಡುಗಳ ಕಥೆ ಇನ್ನೊಂದು ಥರ. ಇಲ್ಲಿ ಲೇಬಲ್ ಸುಳ್ಳು ಹೇಳಬಹುದು. ನಂಬಬೇಕಾದ್ದು ಸಂಗೀತ ಮುಗಿದ ಮೇಲೆ ಲೇಬಲ್‌ವರೆಗೆ ಉಳಿಯುವ ಖಾಲಿ ಜಾಗವನ್ನು. 1950, 60ರ ದಶಕದ ಬಹುಪಾಲು ಬ್ಲೂ ನೋಟ್ ರೆಕಾರ್ಡಿಂಗ್ ರೂಡಿ ವ್ಯಾನ್ ಗೆಲ್ಡರ್ ಕೈಯದು. ಹಗಲು ಜನರ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬರೆದುಕೊಡುತ್ತಿದ್ದ ಮನುಷ್ಯ, ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಜಾರವನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಸ್ಯಾಕ್ಸಫೋನ್ ವಾದಕ ಜಾನ್ ಕೊಲ್ಟ್ರೇನ್ ಅವರ ‘ಬ್ಲೂ ಟ್ರೇನ್’ ಆಲ್ಬಂ 1957ರಲ್ಲಿ ಆದದ್ದು ಅಲ್ಲೇ. 1959ರಲ್ಲಿ ಎಂಗಲ್‌ವುಡ್ ಕ್ಲಿಫ್ಸ್‌ಗೆ ಹೋದರು. ತಾವೇ ಕೊರೆದ ಡಿಸ್ಕಿನ ಆ ಖಾಲಿ ಜಾಗದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರಗಳನ್ನು ಕೈಯಿಂದ ಗೀಚುತ್ತಿದ್ದರು, ಮುಂದೆ ‘ವ್ಯಾನ್ ಗೆಲ್ಡರ್’ ಅನ್ನುವ ಠಸ್ಸೆ ಒತ್ತಿದರು. ಅದರ ಪಕ್ಕದಲ್ಲಿ ಕಿವಿಯಂತೆ ಕಾಣುವ ಒಂದು ಗುರುತು ಇರುತ್ತದೆ. ರೆಕಾರ್ಡು ಅಚ್ಚು ಹಾಕುತ್ತಿದ್ದ ಪ್ಲಾಸ್ಟಿಲೈಟ್ ಅನ್ನುವ ಕಾರ್ಖಾನೆಯವರು ಬರೆದ ‘ಪಿ’ ಅಕ್ಷರ ಅದು. 1960ರ ದಶಕದ ನಡುವೆ ಬ್ಲೂ ನೋಟ್ ಲಿಬರ್ಟಿ ಕಂಪನಿಗೆ ಮಾರಾಟವಾಯಿತು, ಪ್ರೆಸ್ಸಿಂಗ್ ಬೇರೆ ಕಡೆ ಹೋಯಿತು. ಉಳಿದಿದ್ದ ಹಳೆ ಲೇಬಲ್‌ಗಳನ್ನು ಮಾತ್ರ ಹೊಸ ಪ್ರತಿಗಳಿಗೂ ಅಂಟಿಸಿದರು. ಲೇಬಲ್ ಹಳೆಯದು, ಕಿವಿ ಇಲ್ಲ ಅಂದರೆ ಪ್ರತಿ ಆಮೇಲಿನದು. ಮಾರುವವರು ಲೇಬಲ್ ಫೋಟೋ ಮಾತ್ರ ಕಳಿಸಿದರೆ ಖಾಲಿ ಜಾಗದ ಫೋಟೋವನ್ನೂ ಕೇಳಿ. ಕೊಡುವುದಿಲ್ಲ ಅಂದರೆ ಮುಂದೆ ಹೋಗಿ.

ವ್ಯಾನ್ ಗೆಲ್ಡರ್ ಕೊರೆದ ಮೂಲ ಪ್ರತಿಗಳಲ್ಲಿ ಒಂದು ಬಿಸಿ ಇದೆ, ಟ್ರಂಪೆಟ್ ನೇರ ಎದೆಗೆ ಬರುತ್ತದೆ. ಆದರೆ ಬೇಸ್ ಅನ್ನು, ಅಂದರೆ ತಗ್ಗಿನ ಸ್ವರಗಳನ್ನು, ಅವರು ಕೊಂಚ ಬಿಗಿ ಹಿಡಿಯುತ್ತಿದ್ದರು. ಆ ಕಾಲದ ಅಗ್ಗದ ಪ್ಲೇಯರ್‌ಗಳಲ್ಲಿ ಬೇಸ್ ಜಾಸ್ತಿಯಾದರೆ ಸೂಜಿ ಹಾರುತ್ತಿತ್ತು. ಟೇಪಿನಲ್ಲಿ ಇರುವುದೆಲ್ಲ ಮೂಲ ಎಲ್‌ಪಿಯಲ್ಲಿ ಇಲ್ಲ ಅಂತಾಯಿತು. 2019ರಿಂದ ಬರುತ್ತಿರುವ ಬ್ಲೂ ನೋಟ್ ಮರುಬಿಡುಗಡೆಗಳ ಟೋನ್ ಪೊಯೆಟ್ ಸರಣಿಯನ್ನು ಜೋ ಹಾರ್ಲಿ ಮುಂದೆ ನಿಂತು ನೋಡಿಕೊಳ್ಳುತ್ತಾರೆ, ಕೆವಿನ್ ಗ್ರೇ ಮೂಲ ಟೇಪಿನಿಂದಲೇ ಕೊರೆಯುತ್ತಾರೆ. ಅದರಲ್ಲಿ ಬೇಸ್ ವಾದಕ ಕೊನೆಗೂ ಕೋಣೆಯೊಳಗೆ ಬಂದಂತಿದೆ. ಮೂಲಕ್ಕೆ ಕೊಡುವ ದುಡ್ಡಿನ ಒಂದು ಚೂರು ಸಾಕು. ನನ್ನನ್ನು ಕೇಳಿದರೆ ಕೇಳುವುದಕ್ಕೆ ಇದೇ ಸರಿ. ಇನ್ನು 1999ರಿಂದ ವ್ಯಾನ್ ಗೆಲ್ಡರ್ ತಾವೇ ತಮ್ಮ ಟೇಪುಗಳನ್ನು ಸಿಡಿಗೆ ಮಾಡಿಕೊಟ್ಟರು. ಮಾಡಿದವರೇ ಮಾಡಿದ ಮೇಲೆ ಮಾತೇ ಇಲ್ಲ ಅಂದುಕೊಳ್ಳುತ್ತೇವೆ, ಅಲ್ವಾ? ಆದರೆ ಆ ಸಿಡಿಗಳು ಜೋರಾಗಿವೆ, ಸ್ಟೀರಿಯೋ ಹರವು ಕಿರಿದಾಗಿದೆ ಅಂತ ಅನೇಕರ ದೂರು. ನನಗೂ ಹಾಗೇ ಕೇಳುತ್ತದೆ. ಒಬ್ಬನೇ ಮನುಷ್ಯ, ಒಂದೇ ಟೇಪು, ನಲವತ್ತು ವರ್ಷದ ಅಂತರ. ಕಿವಿಯೂ ಬದಲಾಗಿದೆ, ರುಚಿಯೂ ಬದಲಾಗಿದೆ.

ಮಧ್ಯೆ ಡಿಜಿಟಲ್ ಸೋಕಬಾರದು ಅನ್ನುವವರಿಗೆ ಒಂದು ಮಾತು. 2022ರಲ್ಲಿ ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳು ವರ್ಷಗಳಿಂದ ಡಿಜಿಟಲ್ ಹಂತ ದಾಟಿಯೇ ಬರುತ್ತಿದ್ದವು ಅಂತ ಹೊರಬಿತ್ತು. ಕೋರ್ಟ್ ಕಚೇರಿ ಆಯಿತು. ಮುಚ್ಚಿಟ್ಟದ್ದು ತಪ್ಪೇ. ಆದರೆ ಅಲ್ಲಿಯವರೆಗೆ ಅವೇ ಎಲ್‌ಪಿಗಳನ್ನು ಶುದ್ಧ ಅನಲಾಗ್ (ಡಿಜಿಟಲ್ ಸೋಕದ) ಧ್ವನಿ ಅಂತ ಹೊಗಳಿದವರೂ ಅವೇ ಕಿವಿಗಳವರು. ಒಳ್ಳೆ ಟೇಪಿನಿಂದ ಜೋಪಾನವಾಗಿ ಮಾಡಿದ ಡಿಜಿಟಲ್ ಪ್ರತಿ, ಮೂರನೇ ತಲೆಮಾರಿನ, ಅಂದರೆ ಪ್ರತಿಯ ಪ್ರತಿಯಾದ, ಟೇಪಿನಿಂದ ಮಾಡಿದ ಅನಲಾಗ್ ಎಲ್‌ಪಿಗಿಂತ ಎಷ್ಟೋ ಮೇಲು.

ಯುರೋಪಿನಿಂದ ಬರುವ ಅಗ್ಗದ ಎಲ್‌ಪಿಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಅಲ್ಲಿ ಧ್ವನಿಮುದ್ರಣದ ಹಕ್ಕು ಮೊದಲು 50 ವರ್ಷ ಇತ್ತು. 2013ರಲ್ಲಿ 70ಕ್ಕೆ ಏರಿಸುವ ಹೊತ್ತಿಗೆ 1962ರವರೆಗೆ ಬಿಡುಗಡೆಯಾದದ್ದು ಕೈಬಿಟ್ಟುಹೋಗಿತ್ತು. ಯಾರು ಬೇಕಾದರೂ ಅಚ್ಚು ಹಾಕಬಹುದು, ಟೇಪ್ ಇರಬೇಕೆಂದೇನಿಲ್ಲ. ಹಾಗಾಗಿ ಸಿಡಿಯಿಂದಲೇ ಎಲ್‌ಪಿ ಮಾಡುವವರಿದ್ದಾರೆ. ಎಲ್ಲಿಂದ ತೆಗೆದದ್ದು ಅಂತ ಹೊದಿಕೆಯಲ್ಲಿ ಒಂದು ಸಾಲೂ ಇಲ್ಲದಿದ್ದರೆ ನಾನು ಕೆಳಗಿಡುತ್ತೇನೆ. ಇದಕ್ಕೆ ತದ್ವಿರುದ್ಧ ಮೈಕೆಲ್ ಕಸ್ಕೂನಾ ಮತ್ತು ಚಾರ್ಲಿ ಲೂರಿ ಕಟ್ಟಿದ ಮರುಬಿಡುಗಡೆ ಕಂಪನಿ ಮೊಸಾಯಿಕ್. ಅವರ ರೆಕಾರ್ಡುಗಳ ಪೆಟ್ಟಿಗೆಯೊಳಗಿನ ವಿವರವಾದ ಪುಸ್ತಿಕೆಯನ್ನು ಸಂಗೀತ ಹಚ್ಚದೆಯೂ ಓದಬಹುದು.

ಟೇಪು ಬರುವುದಕ್ಕೆ ಮುಂಚಿನ ಜಾಝ್‌ಗೆ ಬಂದರೆ ಪ್ರಶ್ನೆ ಸ್ವಲ್ಪ ಬದಲಾಗುತ್ತದೆ: ಯಾವ ಡಿಸ್ಕಿನಿಂದ? 1923ರ ಏಪ್ರಿಲ್‌ನಲ್ಲಿ ಕಿಂಗ್ ಆಲಿವರ್ ತಂಡ ಇಂಡಿಯಾನಾದ ರಿಚ್ಮಂಡ್‌ನಲ್ಲಿ ಜೆನೆಟ್ ಕಂಪನಿಗೆ ನುಡಿಸಿತು. ಮೈಕ್ ಇಲ್ಲ, ದೊಡ್ಡ ತುತ್ತೂರಿಯ ಬಾಯಿಗೆ ನುಡಿಸಬೇಕು. ಇಪ್ಪತ್ತೊಂದರ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್‌ನ ಕಾರ್ನೆಟ್ (ಟ್ರಂಪೆಟ್‌ನಂಥ ವಾದ್ಯ) ಜೋರು ಅಂತ ಅವನನ್ನು ಎಲ್ಲರಿಗಿಂತ ದೂರ ನಿಲ್ಲಿಸಿದರು ಅಂತ, ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ಹೇಳಿಕೊಂಡಿದ್ದಾರೆ. ಇಂಥ ಡಿಸ್ಕುಗಳಿಗೆ 78ರ ವೇಗ, ಅಂದರೆ ನಿಮಿಷಕ್ಕೆ 78 ಸುತ್ತು, ಅನ್ನುವುದು ಹೆಸರಿಗಷ್ಟೇ. ಕಂಪನಿಗೊಂದು, ದಿನಕ್ಕೊಂದು ವೇಗ. ಗಾಳಿವಾದ್ಯದವರಿಗೆ ಬಿ ಫ್ಲಾಟ್, ಇ ಫ್ಲಾಟ್‌ನಂಥ ಶ್ರುತಿ ಸಲೀಸು. ಡಿಸ್ಕನ್ನು 78ರಲ್ಲಿ ಓಡಿಸಿದಾಗ ಅದಕ್ಕಿಂತ ಅರ್ಧ ಸ್ವರ ಮೇಲೆ, ಯಾರೂ ಬಯಸದ ಕಡೆ ಬಂದು ನಿಂತರೆ ವೇಗ ತಪ್ಪಿದೆ ಅಂತಲೇ ಲೆಕ್ಕ. ಇದನ್ನು ನೋಡದೆ ಮಾಡಿದ ಮರುಬಿಡುಗಡೆಗಳು ಬೇಕಾದಷ್ಟಿವೆ.

ಆರ್ಮ್‌ಸ್ಟ್ರಾಂಗ್ 1925ರಿಂದ ಶಿಕಾಗೋದಲ್ಲಿ ತಮ್ಮ ಹಾಟ್ ಫೈವ್ ತಂಡದೊಂದಿಗೆ ಮಾಡಿದ ರೆಕಾರ್ಡುಗಳಿಗೆ ನಾನು ಸೂಚಿಸುವುದು ಬ್ರಿಟನ್ನಿನ ಜಾನ್ ಆರ್. ಟಿ. ಡೇವೀಸ್ ಕೈಯಲ್ಲಿ ಆದ, ಜೆಎಸ್‌ಪಿ ಕಂಪನಿಯ ಸಿಡಿಗಳನ್ನು. ಡೇವೀಸ್ ಸ್ವತಃ ವಾದಕರು. ಕಂಪ್ಯೂಟರ್ ಬರುವ ಮೊದಲು ಡಿಸ್ಕಿನ ಚಟಪಟ ಶಬ್ದವನ್ನು ಅವರು ತೆಗೆಯುತ್ತಿದ್ದ ರೀತಿ ಕೇಳಿ: ಸದ್ದು ಟೇಪಿನಲ್ಲಿ ಎಲ್ಲಿ ಬಿದ್ದಿದೆ ಅಂತ ಹುಡುಕಿ, ಅಷ್ಟು ಜಾಗದ ಕಂದು ಲೇಪವನ್ನು ಬ್ಲೇಡಿನಿಂದ ಕೆರೆಯುವುದು. ಚಟಪಟ ಹೋಗುತ್ತಿತ್ತು, ಸರಸರ ಉಳಿಯುತ್ತಿತ್ತು. ಉಳಿಸುತ್ತಿದ್ದರು ಅನ್ನಬೇಕು. ಯಾಕೆಂದರೆ ಕಾರ್ನೆಟ್‌ನ ಹೊಳಪು ಇರುವುದೂ ಆ ಸರಸರದ ಮಧ್ಯೆಯೇ.

ಡಿಸ್ಕುಗಳನ್ನು ಕಿವಿಗೊಟ್ಟು ಹೋಲಿಸಿದರೆ ಏನೇನು ಸಿಗಬಹುದು ಅನ್ನುವುದಕ್ಕೆ ಜಾಝ್ ತಂಡದ ನಾಯಕ ಡ್ಯೂಕ್ ಎಲಿಂಗ್ಟನ್ ಸಾಕ್ಷಿ. 1932ರ ಫೆಬ್ರವರಿಯಲ್ಲಿ ಅವರ ತಂಡ ವಿಕ್ಟರ್ ಕಂಪನಿಗೆ ಹೆಚ್ಚು ಹೊತ್ತು ಓಡುವ ಡಿಸ್ಕುಗಳನ್ನು ಮಾಡಿತು. ಅರ್ಧ ಶತಮಾನದ ಮೇಲೆ ಬ್ರಾಡ್ ಕೇ, ಸ್ಟೀವನ್ ಲಾಸ್ಕರ್ ಅನ್ನುವ ಸಂಗ್ರಹಕಾರರು ಒಂದು ವಿಚಿತ್ರ ಕಂಡರು. ಎರಡು ಪ್ರತಿಗಳಲ್ಲಿ ನುಡಿಸಾಣಿಕೆ ಒಂದೇ, ವಾದ್ಯಗಳ ದೂರ ಹತ್ತಿರ ಮಾತ್ರ ಬೇರೆ. ಎರಡು ಯಂತ್ರ, ಎರಡು ಮೈಕು ಒಟ್ಟಿಗೆ ಕೆಲಸ ಮಾಡಿದ್ದವು. ಎರಡನ್ನೂ ಸರಿಯಾಗಿ ಹೊಂದಿಸಿ ಓಡಿಸಿದರೆ 1932ರ ಸ್ಟೀರಿಯೋ! ಇದೇ ಎಲಿಂಗ್ಟನ್‌ಗೆ 1956ರ ಜುಲೈ 7ರಂದು ನ್ಯೂಪೋರ್ಟ್ ಉತ್ಸವದಲ್ಲಿ ಇನ್ನೊಂದು ಆಯಿತು. ಪಾಲ್ ಗೊನ್ಸಾಲ್ವಿಸ್ ಸ್ಯಾಕ್ಸಫೋನಿನಲ್ಲಿ 27 ಸುತ್ತು ನುಡಿಸಿ ಜನರನ್ನು ಎಬ್ಬಿಸಿ ಕುಣಿಸಿದರು. ಆದರೆ ನಿಂತಿದ್ದು ವಾಯ್ಸ್ ಆಫ್ ಅಮೆರಿಕ ರೇಡಿಯೋದ ಮೈಕಿನ ಮುಂದೆ. ಕೊಲಂಬಿಯಾ ಟೇಪಿನಲ್ಲಿ ಸೋಲೋ ದೂರ ಕೇಳಿಸಿತು. ಬೇರೆ ಹಲವು ಭಾಗಗಳನ್ನು ಸ್ಟುಡಿಯೋದಲ್ಲಿ ಮತ್ತೆ ನುಡಿಸಿ, ಚಪ್ಪಾಳೆ ಸೇರಿಸಿ ಎಲ್‌ಪಿ ತಂದರು. 1990ರ ದಶಕದಲ್ಲಿ ರೇಡಿಯೋದವರ ಟೇಪು ಸಿಕ್ಕಿತು. ಫಿಲ್ ಷಾಪ್ ಎರಡನ್ನೂ ಜೋಡಿಸಿ 1999ರಲ್ಲಿ ಇಡೀ ಕಛೇರಿಯನ್ನು ಸ್ಟೀರಿಯೋದಲ್ಲಿ ಹೊರತಂದರು. ಇಲ್ಲಿ ಮರುಬಿಡುಗಡೆಯೇ ಹೆಚ್ಚು ಮೂಲ.

ಕೊನೆಗೆ, 78ರ ಡಿಸ್ಕು ನಿಮ್ಮ ಕೈಗೇ ಸಿಕ್ಕರೆ. ಸಿಗುವುದಿಲ್ಲ ಅನ್ನಬೇಡಿ. ಶಿಕಾಗೋದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ನುಡಿಸಿದ್ದ ಪಿಯಾನೋ ವಾದಕ ಟೆಡ್ಡಿ ವೆದರ್‌ಫರ್ಡ್ ಕೊನೆಗೆ ಬಂದು ನೆಲೆಸಿದ್ದು ಕಲ್ಕತ್ತಾದಲ್ಲಿ. 1945ರಲ್ಲಿ ತೀರಿಕೊಂಡದ್ದೂ ಅಲ್ಲೇ. ಅವರು ಇಲ್ಲಿ ಮಾಡಿದ ಕೊಲಂಬಿಯಾ ಡಿಸ್ಕುಗಳು ಹಳೆ ಟ್ರಂಕುಗಳಲ್ಲಿ ಈಗಲೂ ಇರಬಹುದು. ಆ ಡಿಸ್ಕುಗಳನ್ನು ಕಟ್ಟಿ ಹಿಡಿದಿರುವುದು ಅರಗು. ಚನ್ನಪಟ್ಟಣದ ಬೊಂಬೆಗೆ ಬಣ್ಣ ಕೊಡಲು ಬಳಸುವ ಅದೇ ಅರಗು. ಜಗತ್ತಿನ ಡಿಸ್ಕುಗಳಿಗೆ ಹೆಚ್ಚಿನ ಅರಗು ಹೋಗುತ್ತಿದ್ದುದೂ ನಮ್ಮ ದೇಶದಿಂದಲೇ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಎಲ್‌ಪಿ ಒರೆಸುವ ದ್ರವದಲ್ಲಿ ಅನೇಕ ಸಲ ಸ್ಪಿರಿಟ್ ಇರುತ್ತದೆ, ಅದನ್ನು ತಾಗಿಸಲೇಬೇಡಿ. ಡಿಸ್ಟಿಲ್ಡ್ ವಾಟರ್‌ಗೆ ಪಾತ್ರೆ ತೊಳೆಯುವ ಸೋಪಿನ ದ್ರವ ಒಂದು ಹನಿ ಹಾಕಿ, ಮೆತ್ತನೆ ಬ್ರಷ್‌ನಲ್ಲಿ ಗೀರಿನ ಉದ್ದಕ್ಕೆ ಒರೆಸಿ, ಲೇಬಲ್ ನೆನೆಯದಂತೆ ತೊಳೆದು, ನೆರಳಲ್ಲಿ ನಿಲ್ಲಿಸಿ ಒಣಗಿಸಿ. ಹಳೆ ಗ್ರಾಮಾಫೋನಿನ ಉಕ್ಕಿನ ಮುಳ್ಳಿನಲ್ಲಿ ನುಡಿಸಬೇಡಿ, ಗೀರು ಸವೆಯುತ್ತದೆ. ಎಲ್‌ಪಿ ಸೂಜಿಯೂ ಬೇಡ. ಅದರ ತುದಿ ಸಣ್ಣದು, ಗೀರಿನ ತಳ ಸೇರಿ ಕಸದ ಸದ್ದನ್ನೇ ಎತ್ತುತ್ತದೆ. 78ಕ್ಕೆಂದೇ ಮಾಡಿದ, ತುದಿ ಸುಮಾರು 75 ಮೈಕ್ರಾನ್ ಇರುವ ಸೂಜಿ ಸಿಗುತ್ತದೆ. ಅದನ್ನು ಹಾಕಿ, ಆ್ಯಂಪ್ಲಿಫೈಯರ್‌ನಲ್ಲಿ ಮೋನೋ ಗುಂಡಿ ಒತ್ತಿ, ಆಮೇಲೆ ಕೇಳಿ.