ಕರಾವಳಿಯ ಅಡುಗೆಮನೆಗೆ ಯಾವ ಚಿಮ್ನಿ?

ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಕಿಚನ್ ಚಿಮ್ನಿಗಳೆಲ್ಲ ಚಂದವೇ. ಮಿಂಚುವ ಸ್ಟೀಲ್, ಕಪ್ಪು ಗಾಜು, ಮ್ಯಾಟ್ ಬಣ್ಣ. ಟೈಲ್ಸಿಗೆ, ಕ್ಯಾಬಿನೆಟ್ಟಿಗೆ ಯಾವುದು ಹೊಂದುತ್ತದೆ ಅಂತ ನೋಡಿ ಆರಿಸಿಬಿಡುತ್ತೇವೆ. ಉಳ್ಳಾಲ, ಸುರತ್ಕಲ್, ಕಾಪು, ಮಲ್ಪೆ ಕಡೆ ಮನೆಯಿದ್ದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ನಮ್ಮ ಗಾಳಿಯಲ್ಲಿ ನಾಲ್ಕು ಮಳೆಗಾಲ ಕಳೆದ ಮೇಲೆ ಇದು ಹೇಗೆ ಕಾಣುತ್ತದೆ?

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕೇ ಹಿಡಿಯುವುದಿಲ್ಲ ಅಂದುಕೊಂಡವರು ಜಾಸ್ತಿ. ಅದರಲ್ಲಿ ಕನಿಷ್ಠ 10.5% ಕ್ರೋಮಿಯಂ ಇರುತ್ತದೆ, ಅದು ಆಮ್ಲಜನಕದ ಜೊತೆ ಸೇರಿ ಲೋಹದ ಮೈಮೇಲೆ ಕೆಲವೇ ನ್ಯಾನೋಮೀಟರ್ ದಪ್ಪದ ಪದರ ಕಟ್ಟುತ್ತದೆ, ಗೀರು ಬಿದ್ದರೂ ಆ ಪದರ ತಾನಾಗಿ ಮತ್ತೆ ಬೆಳೆಯುತ್ತದೆ. ಅದಕ್ಕೆ ದೊಡ್ಡ ಶತ್ರು ಸಮುದ್ರದ ಉಪ್ಪಿನಲ್ಲಿರುವ ಕ್ಲೋರೈಡ್. ಎಲ್ಲೋ ಒಂದು ಕಡೆ ಪದರ ಒಡೆದರೆ ಅಲ್ಲಿ ಸಣ್ಣ ಗುಳಿ ಬೀಳುತ್ತದೆ. ಗುಳಿಯ ಒಳಗೆ ಆಮ್ಲ ಉಂಟಾಗುತ್ತದೆ, ಅದು ಇನ್ನಷ್ಟು ಕ್ಲೋರೈಡನ್ನು ಎಳೆದುಕೊಳ್ಳುತ್ತದೆ, ಹಾಗಾಗಿ ಒಮ್ಮೆ ಶುರುವಾದ ಗುಳಿ ಸುಮ್ನೆ ನಿಲ್ಲುವುದಿಲ್ಲ. ಹಳೆಯ ಚಿಮ್ನಿಯ ಸ್ಕ್ರೂ ಸುತ್ತ, ಮಡಿಚಿದ ಅಂಚಿನ ಒಳಗೆ ಬೆರಳಾಡಿಸಿ ನೋಡಿ. ಸಾಸಿವೆಗಿಂತ ಸಣ್ಣ ಕಂದು ಚುಕ್ಕೆಗಳು ಸಿಗುತ್ತವೆ.

ಮನೆಯೊಳಗೆ ಉಪ್ಪು ಎಲ್ಲಿಂದ ಬರಬೇಕು ಅಂತೀರಾ? ಕಿಟಕಿಯಿಂದ. ಹೊರಗಿನ ಗ್ರಿಲ್ಲನ್ನು ಮಳೆಯಾದರೂ ತೊಳೆಯುತ್ತದೆ, ಚಿಮ್ನಿಯ ನೆತ್ತಿಯನ್ನು ತೊಳೆಯುವವರು ಯಾರು? ಅಲ್ಲಿ ಕೂತ ಉಪ್ಪು, ಗಾಳಿಯ ತೇವಾಂಶ ಸುಮಾರು 75% ದಾಟಿದರೆ ತಾನೇ ನೀರೆಳೆದುಕೊಂಡು ದ್ರವವಾಗುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಅಷ್ಟು ತೇವ ಹೆಚ್ಚುಕಡಿಮೆ ದಿನವೂ ಇರುತ್ತದೆ.

ಹಾಗಾಗಿ ಸ್ಟೀಲ್ ಬೇಕೆಂದರೆ ಗ್ರೇಡ್ ಕೇಳಿ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರುತ್ತದೆ, ನಮ್ಮ ಊರಿಗೆ ಅದೇ ವಾಸಿ. 430 ಅಗ್ಗ, ಆದರೆ ಉಪ್ಪಿಗೆ ಬೇಗ ಸೋಲುತ್ತದೆ. ಮ್ಯಾಗ್ನೆಟ್ ಇಟ್ಟು ನೋಡಿದರೆ 430ಕ್ಕೆ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಅಂಟುವುದಿಲ್ಲ. ಇಷ್ಟನ್ನೇ ನಂಬಬೇಡಿ. ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿದ 200 ಸರಣಿಯ ಸ್ಟೀಲಿಗೂ ಮ್ಯಾಗ್ನೆಟ್ ಅಂಟುವುದಿಲ್ಲ, ಅದು 304ರಷ್ಟು ಬಾಳಿಕೆಯದ್ದಲ್ಲ. ಗ್ರೇಡನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಬಿಳಿ ಅಡುಗೆಮನೆಗೆ ಕಪ್ಪು ಗಾಜಿನ ಚಿಮ್ನಿ ಚೆನ್ನಾಗಿ ಒಪ್ಪುತ್ತದೆ, ಗಾಜಿಗೆ ತುಕ್ಕಿನ ಭಯವೂ ಇಲ್ಲ. ಟಫನ್ ಮಾಡಿದ ಗಾಜಿನ ಮಧ್ಯಭಾಗ ಗಟ್ಟಿ, ಅಂಚು ಮಾತ್ರ ಸೂಕ್ಷ್ಮ, ಪಾತ್ರೆಯ ಮೂಲೆ ಜೋರಾಗಿ ತಾಗಿದರೆ ಇಡೀ ಹಾಳೆ ಪುಡಿಯಾಗಬಹುದು. ಗಾಜಿನ ಹಿಂದಿರುವ ಪೆಟ್ಟಿಗೆ ಯಾವ ಲೋಹದ್ದು ಅಂತಲೂ ಕೇಳಿ, ತುಕ್ಕು ಶುರುವಾಗುವುದು ಅಲ್ಲಿಂದ. ಪೌಡರ್ ಕೋಟಿಂಗ್ ಮಾಡಿದ ಮ್ಯಾಟ್ ಕಪ್ಪು ಸಾಮಾನ್ಯವಾಗಿ ಮಾಮೂಲಿ ಕಬ್ಬಿಣದ ತಗಡಿನ ಮೇಲಿರುತ್ತದೆ. ಬಣ್ಣ ಒಂದು ಕಡೆ ಎದ್ದರೆ ಅದರ ಅಡಿಯಲ್ಲೇ ತುಕ್ಕು ಹಬ್ಬುತ್ತದೆ. ಸಮುದ್ರದ ಹತ್ತಿರ ನಾನಂತೂ ಇದನ್ನು ತೆಗೆದುಕೊಳ್ಳಿ ಅನ್ನುವುದಿಲ್ಲ.

ಮುರಕಲ್ಲಿನ ಗೋಡೆ, ಕಾವಿ ನೆಲ, ಮೇಲೆ ಮಂಗಳೂರು ಹಂಚು ಇರುವ ಮನೆಗೆ ತಾಮ್ರದಷ್ಟು ಒಪ್ಪುವುದು ಬೇರೊಂದಿಲ್ಲ. ಮಾಡಿಸುವುದು ದುಬಾರಿ. ಉಪ್ಪು ಗಾಳಿಗೆ ಅದು ಕಂದಾಗುತ್ತದೆ, ಕೆಲವು ಕಡೆ ಹಸಿರಾಗುತ್ತದೆ, ಆದರೆ ತೆಳು ತಗಡಿನ ಕಬ್ಬಿಣದ ಹಾಗೆ ತೂತು ಬೀಳುವುದಿಲ್ಲ. ಬಚ್ಚಲಿನ ಹಂಡೆಯ ಆ ಹಳೆಯ ಬಣ್ಣ ನಿಮಗೆ ಇಷ್ಟವಾದರೆ ಹಾಗೇ ಬಿಡಿ. ಹೊಳೆಯಲೇಬೇಕು ಅಂದರೆ ಹುಣಸೆಹುಳಿ ಹಿಡಿದು ತಿಕ್ಕುತ್ತಿರಬೇಕು, ಒಲೆಯ ಮೇಲೆ ಕೈಯೆತ್ತಿ ತಿಕ್ಕುವುದು ಸುಲಭವಲ್ಲ. ಮರದ ಕವಚ ಬೇಕೆಂದರೆ ಒಳಗೆ ಲೋಹದ ಪೆಟ್ಟಿಗೆ ಇರಲೇಬೇಕು. ಬೆಂಕಿಯ ಮಾತು ಒಂದು ಕಡೆ, ಜುಲೈಯಲ್ಲಿ ಉಬ್ಬಿ ಏಪ್ರಿಲಿನಲ್ಲಿ ಕುಗ್ಗುವ ಮರದ ಜೋಡಣೆ ಸಡಿಲವಾಗುತ್ತದೆ.

ಬಂಗುಡೆ ಫ್ರೈಯ ಜಿಡ್ಡು ತೆಗೆಯಲು ಸ್ಟೀಲ್ ಉಣ್ಣೆ ಬೇಡ. ಅದರ ಕಬ್ಬಿಣದ ಚೂರುಗಳು ಚಿಮ್ನಿಯ ಮೈಗೆ ಕಚ್ಚಿಕೊಂಡು ತುಕ್ಕಾಗುತ್ತವೆ. ಅಲ್ಯೂಮಿನಿಯಂ ಜಾಲರಿಗೆ ಕಾಸ್ಟಿಕ್ ಸೋಡಾ ಹಾಕಲೇಬೇಡಿ, ಲೋಹವೇ ಕರಗುತ್ತದೆ. ಬಿಸಿನೀರು, ಪಾತ್ರೆ ಸೋಪು, ಒಣಬಟ್ಟೆ ಸಾಕು, ತಿಂಗಳಿಗೊಮ್ಮೆ ನೆತ್ತಿಯನ್ನೂ ಒರೆಸಿ. ಹೊಸ ಮನೆ ಕಟ್ಟುವವರು ಇನ್ನೊಂದು ವಿಷಯ ಗಮನಿಸಬೇಕು. ಟೈಲ್ಸ್ ಹಾಕಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಸುರಿಯುತ್ತಾರಲ್ಲ, ಅದು ಹೈಡ್ರೋಕ್ಲೋರಿಕ್ ಆಮ್ಲ, ಅದರ ಹೊಗೆ ತಾಗಿದರೆ 304ರ ಮೇಲೂ ಚುಕ್ಕೆ ಏಳುತ್ತದೆ. ಆ ಕೆಲಸ ಮುಗಿದು, ನೆಲ ಚೆನ್ನಾಗಿ ತೊಳೆದು, ಕಿಟಕಿ ತೆರೆದಿಟ್ಟು ವಾಸನೆ ಪೂರ್ತಿ ಹೋದ ಮೇಲೆಯೇ ಚಿಮ್ನಿ ಹಾಕಿಸಿ.